ಅರ್ಧ ಕೆರೆದ ಸ್ಟಿಕರ್

ನನ್ನ ಆಕ್ಟಿವಾದ ಮುಂಭಾಗದಲ್ಲಿ, ಹೆಡ್‌ಲೈಟಿನ ಕೆಳಗೆ, ಒಂದು ಹಸಿರು ಸ್ಟಿಕರ್ ಇದೆ. ಇದೆ ಅನ್ನೋದಕ್ಕಿಂತ ಅರ್ಧ ಉಳಿದಿದೆ. ಮೇಲಿನ ಅರ್ಧ ನಾನೇ ಕೆರೆದು ತೆಗೆದೆ. ಮೊದಲು ಟೆಸ್ಟರಿನ ತುದಿಯಿಂದ ಕೆರೆದೆ, ಆಮೇಲೆ ಬಟ್ಟೆ ತುದಿಗೆ ಪೆಟ್ರೋಲ್ ಅದ್ದಿ ಒರೆಸಿದೆ. ಗಾಡಿ ಬಣ್ಣಕ್ಕೂ ಗೀರು ಬಿತ್ತು. ಇದು 2023ರ ಜನವರಿ ಮಾತು. ಗೀರು ಇನ್ನೂ ಹಾಗೇ ಇದೆ. ಗಾಡಿ ತೊಳೆಯೋವಾಗೆಲ್ಲ ಕೈಗೆ ಸಿಗುತ್ತೆ.

ಸ್ಟಿಕರ್ ಅಂಟಿಸಿದ್ದು ಮಗಳು. ಅವಳು ಹುಟ್ಟಿದ್ದೇ ಇಲ್ಲಿ, ಫೋಂಡಾದಲ್ಲಿ. ನಮ್ಮ ಜೊತೆ ಕನ್ನಡ, ಗೆಳತಿಯರ ಜೊತೆ ಕೊಂಕಣಿ, ಫೋನಿನ ಜೊತೆ ಇಂಗ್ಲಿಷು. ಆಗ ಪಣಜಿಯಲ್ಲಿ ಕಾಲೇಜು ಓದುತ್ತಿದ್ದಳು, ಸೈಕಾಲಜಿ. ಆ ತಿಂಗಳು ಗೋವಾದಲ್ಲಿ ಎಲ್ಲಿ ಹೋದರೂ ಒಂದೇ ಮಾತು. ಹಿಂದಿನ ಡಿಸೆಂಬರ್ 29ಕ್ಕೆ ಬೆಳಗಾವಿಯ ಸುವರ್ಣ ಸೌಧದಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು, ಮಹದಾಯಿ ಹೊಳೆಯ ನೀರನ್ನ ಮಲಪ್ರಭೆಗೆ ತಿರುಗಿಸೋ ಕಳಸಾ-ಬಂಡೂರಿ ಯೋಜನೆಯ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಟ್ಟಿದೆ ಅಂತ ಹೇಳಿದ್ದರು. ಘಟ್ಟದ ಮೇಲೆ ಖುಷಿ, ಘಟ್ಟದ ಕೆಳಗೆ ಬೆಂಕಿ. ಜನವರಿ 16ಕ್ಕೆ ಸಾಖಳಿ ಹತ್ತಿರದ ವಿರ್ಡಿಯಲ್ಲಿ ದೊಡ್ಡ ಸಭೆ ಆಯಿತು. 'ಆಮ್ಚಿ ಮ್ಹಾದಯ್ ಆಮ್ಕಾಂ ಜಾಯ್' ಅಂತ ಘೋಷಣೆ. ನಮ್ಮ ಮಹದಾಯಿ ನಮಗೆ ಬೇಕು. ಸ್ಟಿಕರಿನಲ್ಲಿ ಮೇಲೆ 'ಸೇವ್', ಕೆಳಗೆ 'ಮ್ಹಾದಯ್', ಪಕ್ಕದಲ್ಲಿ ಒಂದು ನೀರಿನ ಹನಿ.

ನಾನದನ್ನ ನೋಡಿರಲಿಲ್ಲ. ನನಗಿಂತ ಮೊದಲು ನೋಡಿದವನು ಬಾಗಲಕೋಟೆ ಕಡೆಯ ಒಬ್ಬ ಗೌಂಡಿ. ನಮ್ಮ ಅಂಗಡಿಗೆ ಹೋಲ್ಡರ್, ವೈರು ತಗೊಳ್ಳೋಕೆ ಬರ್ತಾನೆ. ಗಾಡಿ ನೋಡಿದ, ನನ್ನ ಮುಖ ನೋಡಿದ. 'ಏನ್ರೀ ಸಾಹುಕಾರ್ರ, ನೀವೂ ಪಾರ್ಟಿ ಬದಲಿ ಮಾಡಿದ್ರೇನು?' ಅಂದು ನಕ್ಕ. ನಾನೂ ನಕ್ಕೆ. ಅವನು ರಸ್ತೆ ದಾಟಿದ ಮೇಲೆ ಟೆಸ್ಟರ್ ತಗೊಂಡು ಹೊರಗೆ ಬಂದೆ.

ಅರ್ಧಕ್ಕೆ ಯಾಕೆ ನಿಲ್ಲಿಸಿದೆ ಅಂತ ಕೇಳಬೇಡಿ. ಕೇಳದಿದ್ದರೂ ಹೇಳ್ತೀನಿ. ಅಷ್ಟರಲ್ಲಿ ಪಕ್ಕದ ಅಂಗಡಿಯ ಭಾವ್ ಬಂದು ನಿಂತರು. ಗೋವಾದವರು, ವಯಸ್ಸಿನಲ್ಲಿ ದೊಡ್ಡವರು. ನಾನು ಇಲ್ಲಿ ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿ ಕೊಟ್ಟವರು. ಅವರ ಗಾಡಿಯ ಮೇಲೂ ಅದೇ ಸ್ಟಿಕರ್ ಇತ್ತು. 'ಏನು ಮಾಡ್ತಿದ್ದೀಯ?' ಅಂದರು. 'ಬಿಸಿಲಿಗೆ ಸುಲಿದು ಬಂದಿದೆ ಭಾವ್, ಸರಿ ಮಾಡ್ತಿದ್ದೀನಿ' ಅಂದೆ. ಜನವರಿ ಬೆಳಗ್ಗೆ ಹತ್ತು ಗಂಟೆಯ ಬಿಸಿಲು. ಅವರೇನೂ ಅನ್ನಲಿಲ್ಲ. ನಾನು ಟೆಸ್ಟರ್ ಜೇಬಿಗೆ ಹಾಕಿಕೊಂಡೆ.

ಅಂದರೆ ಮೇಲಿನ ಅರ್ಧ ಹೋಗಿದ್ದು ಬಾಗಲಕೋಟೆಯವನ ಭಯಕ್ಕೆ, ಕೆಳಗಿನ ಅರ್ಧ ಉಳಿದಿದ್ದು ಭಾವ್ ಭಯಕ್ಕೆ. ಇಷ್ಟರಲ್ಲಿ ಹೊಳೆಯ ವಿಚಾರ ಎಲ್ಲಿ ಬಂತು ಹೇಳಿ.

ನಾನು ನರಗುಂದ ತಾಲೂಕಿನವನು. ಊರ ಹೆಸರು ಬೇಡ, ಸಣ್ಣ ಊರು, ಯಾರ ಮನೆ ಅಂತ ಗೊತ್ತಾಗಿಬಿಡುತ್ತೆ. 1998ರಲ್ಲಿ ಗೋವಾಕ್ಕೆ ಬಂದೆ. ಮೊದಲು ವಾಸ್ಕೋದಲ್ಲಿ ಅಕ್ಕನ ಮನೇಲಿದ್ದೆ, ಆಮೇಲೆ ಫೋಂಡಾದಲ್ಲಿ ವೈರಿಂಗ್ ಕೆಲಸ, ಈಗ ಒಂದು ಎಲೆಕ್ಟ್ರಿಕಲ್ ಅಂಗಡಿ. ಬಲ್ಬು, ಸ್ವಿಚ್ಚು, ಫ್ಯಾನ್ ವೈಂಡಿಂಗು, ಪಂಪ್ ರಿಪೇರಿ. ಮತದಾರರ ಪಟ್ಟಿಯಲ್ಲಿ ಇಲ್ಲಿಯವನು. ಜಗಳ ಬಂದಾಗ 'ಘಾಂಟಿ', ಅಂದರೆ ಘಟ್ಟದ ಮೇಲಿಂದ ಬಂದವನು. ಇದನ್ನ ನೋವಿನಿಂದ ಹೇಳ್ತಿಲ್ಲ. ಊರಿಗೆ ಹೋದರೆ ಅಲ್ಲಿ ನಾನು 'ಗೋವಾದವ'. ಲೆಕ್ಕ ಸಮ ಆಯಿತು.

ನರಗುಂದದವರಿಗೆ ನೀರಿನ ಜೊತೆಗಿನ ಸಂಬಂಧ ಬೇರೆಯವರಿಗೆ ಹೇಳೋದು ಕಷ್ಟ. 1980ರ ಜುಲೈ 21. ನನಗೆ ಆಗ ಏಳು ವರ್ಷ. ನವಿಲುತೀರ್ಥದಲ್ಲಿ ಮಲಪ್ರಭಾ ಡ್ಯಾಮು ಆಗಿ ಕೆಲವು ವರ್ಷ ಆಗಿತ್ತು. ಕಾಲುವೆ ಕೊನೆಯ ಹೊಲಗಳಿಗೆ ನೀರು ಬರುತ್ತಿರಲಿಲ್ಲ, ಆದರೆ ಬೆಟರ್‌ಮೆಂಟ್ ಲೆವಿ ಅಂತ ಅಭಿವೃದ್ಧಿ ಕರದ ನೋಟಿಸು ತಪ್ಪದೇ ಬರುತ್ತಿತ್ತು. ರೈತರು ಎದ್ದರು. ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಅವತ್ತು ರಾತ್ರಿ ಅಪ್ಪ ಬರಿಗಾಲಲ್ಲಿ ಮನೆಗೆ ಬಂದಿದ್ದು ನನಗೆ ನೆನಪಿದೆ. 'ಚಪ್ಲಿ ಎಲ್ಲಿ ಬಿಟ್ರಿ?' ಅಂತ ಅವ್ವ ಕೇಳಿದಳು. ಅಪ್ಪ ಹೇಳಲಿಲ್ಲ. ಅದಾದ ಮೇಲೆ ಸಾಯೋವರೆಗೂ ಹೇಳಲಿಲ್ಲ. ಈಗಲೂ ಪ್ರತಿ ಜುಲೈ 21ಕ್ಕೆ ಅಲ್ಲಿ ವೀರಗಲ್ಲಿಗೆ ಹಾರ ಹಾಕ್ತಾರೆ.

ಹಾಗಾಗಿ 2015ರ ಜುಲೈನಲ್ಲಿ ನರಗುಂದದಲ್ಲಿ ಮಹದಾಯಿ ಧರಣಿ ಶುರುವಾದಾಗ ಅಣ್ಣ ಹೋಗಿ ಕೂತಿದ್ದರಲ್ಲಿ ಆಶ್ಚರ್ಯ ಏನಿಲ್ಲ. ನಾನು ಇಲ್ಲಿಂದ ಐದು ಸಾವಿರ ಕಳಿಸಿದೆ. ಕಳಿಸಿದ್ದನ್ನ ಇಲ್ಲಿ ಯಾರಿಗೂ ಹೇಳಲಿಲ್ಲ. ಅವತ್ತು ನಾನು ಕುಡಿದ ನೀರು ಓಪಾದ್ದು. ಖಾಂಡೇಪಾರ ಹೊಳೆಯಿಂದ ಎತ್ತಿ, ಶುದ್ಧ ಮಾಡಿ, ಫೋಂಡಾ, ಪಣಜಿಗೆಲ್ಲ ಕೊಡ್ತಾರೆ. ಖಾಂಡೇಪಾರ ಮಾಂಡವಿಯ ಉಪನದಿ. ಮಾಂಡವಿ ಅಂದರೆ ಮಹದಾಯಿಯೇ. ನಲ್ಲಿ ತಿರುಗಿಸಿದರೆ ಅದೇ ಮನೆತನದ ನೀರು.

ಹೊಳೆಗೆ ಹೆಸರು ಎಷ್ಟು ನೋಡಿ. ನಮ್ಮ ಕಡೆ ಮಹದಾಯಿ, ಇಲ್ಲಿ ಮ್ಹಾದಯ್, ಇನ್ನೂ ಕೆಳಗೆ ಮಾಂಡವಿ. ಎರಡೂ ಕಡೆ ತಾಯಿ ಅಂತಾನೇ ಕರೆಯೋದು. ಆದರೆ ಯಾವನಾದರೂ ಬಾಯಿಬಿಟ್ಟು ಹೆಸರು ಹೇಳಿದ ಕೂಡಲೇ ಅವನು ಯಾವ ಕಡೆ ಅಂತ ಗೊತ್ತಾಗಿಬಿಡುತ್ತೆ. ಯೋಜನೆಗೂ ಹಾಗೇ. ಅಲ್ಲಿ ಅದು 'ಕುಡಿಯುವ ನೀರಿನ ಯೋಜನೆ'. ಇಲ್ಲಿ 'ಡೈವರ್ಷನ್'. ಒಂದೇ ಕಾಲುವೆ. ಒಂದು ಹೆಸರು ಕೇಳಿದರೆ ಕೊಡ ಕಣ್ಣಿಗೆ ಬರುತ್ತೆ, ಇನ್ನೊಂದು ಕೇಳಿದರೆ ಕಳ್ಳತನ.

ಮಗಳಿಗೆ ಇದನ್ನ ಹೇಳಿದಾಗ ಅವಳು ಅಮೆರಿಕದ ಒಂದು ಕತೆ ಹೇಳಿದಳು. 2011ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿ ಕೆಲವರಿಗೆ 'ಗ್ಲೋಬಲ್ ವಾರ್ಮಿಂಗ್ ನಿಜಾನಾ?' ಅಂತ ಕೇಳಿದರು, ಕೆಲವರಿಗೆ 'ಕ್ಲೈಮೇಟ್ ಚೇಂಜ್ ನಿಜಾನಾ?' ಅಂತ. ರಿಪಬ್ಲಿಕನ್ ಪಕ್ಷದ ಕಡೆಯವರಲ್ಲಿ ಮೊದಲನೇದಕ್ಕೆ ಹೌದು ಅಂದವರು ನೂರಕ್ಕೆ 44, ಎರಡನೇದಕ್ಕೆ 60. ಡೆಮಾಕ್ರಟಿಕ್ ಕಡೆಯವರು ಎರಡಕ್ಕೂ ಹೆಚ್ಚೂಕಡಿಮೆ ಒಂದೇ, 86-87. ಭೂಮಿ ಬಿಸಿ ಆಗೋದು ಅದೇ. ಬದಲಾಗಿದ್ದು ಹೆಸರು ಅಷ್ಟೆ. ಒಂದು ಹೆಸರು ಎದುರು ಪಾರ್ಟಿಯವರ ಬಾಯಲ್ಲಿ ಜಾಸ್ತಿ ಓಡಾಡಿತ್ತು ಅಂತ ಕಾಣುತ್ತೆ.

'ನೀನೂ ಹಾಗೇನೇ ಪಪ್ಪಾ' ಅಂದಳು. ನನಗೆ ಸಿಟ್ಟು ಬಂತು. ನಾನು ಓದಿಕೊಂಡವನು ಮಾರಾಯ್ತಿ, ಸುಮ್ನೆ ಕೂಗೋರ ಪೈಕಿ ಅಲ್ಲ. ನ್ಯಾಯಮಂಡಳಿ ತೀರ್ಪಿನ ಲೆಕ್ಕ ನನಗೆ ಬಾಯಿಪಾಠ. 2010ರಲ್ಲಿ ಆದ ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಕೊಳ್ಳದ ಒಟ್ಟು ನೀರು 188.06 ಟಿಎಂಸಿ. ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33. ನಮ್ಮ 13.42ರಲ್ಲೂ 8.02 ವಿದ್ಯುತ್ತಿಗೆ, ಅದು ತಿರುಗಿ ಹೊಳೆಗೇ ಹೋಗುತ್ತೆ. ಮಲಪ್ರಭೆಗೆ ತಿರುಗಿಸೋದು ಬರೀ 3.9. ಕಳಸಾದಿಂದ 1.72, ಬಂಡೂರಿಯಿಂದ 2.18. 188ರಲ್ಲಿ 3.9 ಕೊಡೋಕೆ ಇಷ್ಟು ಗಲಾಟೆಯಾ? ಇದನ್ನ ನಾನು ಭಾವ್ ಹತ್ತಿರ ಎಷ್ಟು ಸಲ ಹೇಳಿದ್ದೀನೋ.

ಅವರ ಹತ್ತಿರಾನೂ ಲೆಕ್ಕ ಇದೆ. ಕೊಳ್ಳದ 2,032 ಚದರ ಕಿಲೋಮೀಟರಿನಲ್ಲಿ 1,580 ಗೋವಾದ್ದು. ಗೋವಾದ ಪುಟ್ಟ ಮೈಗೆ ಅದು ಅರ್ಧಕ್ಕೆ ಹತ್ತಿರ. ಒಟ್ಟು ನೀರು ಅಂತ ನೀನು ಹೇಳೋದು ಮಳೆಗಾಲದ್ದೇ ಜಾಸ್ತಿ, ಬೇಸಿಗೆಯಲ್ಲಿ ಹೊಳೆ ಹೇಗಿರುತ್ತೆ ನೋಡಿದ್ದೀಯಾ ಅಂತಾರೆ. ಮೇಲಿಂದ ಸಿಹಿನೀರು ಕಡಿಮೆ ಆದರೆ ಕೆಳಗಿಂದ ಸಮುದ್ರದ ಉಪ್ಪುನೀರು ಏರಿ ಬರುತ್ತೆ ಅಂತಾರೆ. ಅದು ಸುಳ್ಳಲ್ಲ. ಆದರೆ ನಾನು ಅದನ್ನ ಕೇಳೋವಾಗ ಮನಸ್ಸಿನಲ್ಲಿ ಉತ್ತರ ಹುಡುಕ್ತಾ ಇರ್ತಿದ್ದೆ. ಕೇಳಿಸಿಕೊಳ್ತಾ ಇರಲಿಲ್ಲ.

ಮಗಳು ಇದಕ್ಕೂ ಒಂದು ಅಧ್ಯಯನ ತಂದಳು. (ಮಕ್ಕಳನ್ನ ಓದಿಸಬಾರದು ಅನಿಸೋದು ಇಂಥ ಹೊತ್ತಲ್ಲೇ.) ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತು ಜೊತೆಗಾರರು 2012ರಲ್ಲಿ ಬರೆದದ್ದು, ಸುಮಾರು 1,500 ಅಮೆರಿಕನ್ನರನ್ನ ಕೇಳಿ ಮಾಡಿದ್ದು. ವಿಜ್ಞಾನ, ಲೆಕ್ಕ ಜಾಸ್ತಿ ಗೊತ್ತಿದ್ದವರು ಹವಾಮಾನದ ವಿಷಯದಲ್ಲಿ ಹತ್ತಿರ ಬಂದಿರಬೇಕು ಅಲ್ವಾ? ಇಲ್ಲ. ಎರಡೂ ಬಣದ ತಿಳಿವಳಿಕಸ್ಥರೇ ಒಬ್ಬರಿಂದ ಒಬ್ಬರು ಇನ್ನೂ ದೂರ ಇದ್ದರಂತೆ. ನನ್ನ ಮಟ್ಟಿಗಂತೂ ಅದು ಖರೆ. ನಾನು ಬಾಯಿಪಾಠ ಮಾಡಿದ ಅಂಕಿಗಳೆಲ್ಲ ನನ್ನ ಪರ ವಕೀಲಿಕೆ ಮಾಡ್ತಿದ್ದವು. ಒಂದೂ ನನ್ನನ್ನ ತಿರುಗಿ ಪ್ರಶ್ನೆ ಕೇಳಿರಲಿಲ್ಲ.

ಇನ್ನು ಪಾರ್ಟಿಗಳ ವಿಷಯ. ಇಲ್ಲಿ ಅಮೆರಿಕದ ಹಾಗಲ್ಲ. ಪರಿಸರ ಅಂದರೆ ಈ ಪಾರ್ಟಿ, ಕಾರ್ಖಾನೆ ಅಂದರೆ ಆ ಪಾರ್ಟಿ ಅಂತ ಗೆರೆ ಇಲ್ಲ. ಗೆರೆ ಇರೋದು ಘಟ್ಟದಲ್ಲಿ. ಗೋವಾದ ಬಿಜೆಪಿ ಯೋಜನೆ ಬೇಡ ಅನ್ನುತ್ತೆ, ಕರ್ನಾಟಕದ ಬಿಜೆಪಿ ಬೇಕು ಅನ್ನುತ್ತೆ. ಕಾಂಗ್ರೆಸ್ಸಿನದೂ ಅದೇ ಕತೆ. 2023ರ ಆ ಜನವರಿಯಲ್ಲಿ ಎರಡೂ ರಾಜ್ಯ, ದಿಲ್ಲಿ, ಮೂರೂ ಕಡೆ ಒಂದೇ ಪಾರ್ಟಿ. ಡಬಲ್ ಎಂಜಿನ್ ಅಂತಾರಲ್ಲ, ಚೋರ್ಲಾ ಘಾಟಿನಲ್ಲಿ ಆ ಎಂಜಿನ್‌ಗಳು ಒಂದಕ್ಕೊಂದು ಬೆನ್ನು ಹಾಕಿ ಎಳೀತಿದ್ದವು.

2017ರ ಡಿಸೆಂಬರಿನಲ್ಲಿ ಒಂದು ಮಜಾ ಆಯಿತು. ಗೋವಾದ ಮುಖ್ಯಮಂತ್ರಿ ಮನೋಹರ ಪರಿಕ್ಕರ್ ಒಂದು ಪತ್ರ ಬರೆದರು. ಕುಡಿಯೋ ನೀರಿನ ಮಟ್ಟಿಗೆ ಮಾನವೀಯತೆಯಿಂದ ಮಾತಾಡೋಕೆ ತಯಾರು ಅಂತ. ಪತ್ರ ಹೋಗಿದ್ದು ಕರ್ನಾಟಕದ ಮುಖ್ಯಮಂತ್ರಿಗಲ್ಲ, ಯಡಿಯೂರಪ್ಪನವರಿಗೆ. ಆಗ ಅವರು ಪಕ್ಷದ ರಾಜ್ಯಾಧ್ಯಕ್ಷರು, ಮುಂದೆ ಚುನಾವಣೆ. ಪತ್ರದ ಒಳಗೆ ಏನಿದೆ ಅಂತ ಓದಿದವರು ಕಡಿಮೆ. ಲಕೋಟೆ ಮೇಲಿನ ವಿಳಾಸ ಎಲ್ಲರೂ ಓದಿದರು. ನಮ್ಮ ರೈತರು ಬೆಂಗಳೂರಿಗೆ ಹೋಗಿ ಮಲ್ಲೇಶ್ವರದ ಬಿಜೆಪಿ ಕಚೇರಿ ಮುಂದೆ ಕೂತರು. ಇಲ್ಲಿ ಭಾವ್, ಪರಿಕ್ಕರ್ ಅಂದರೆ ಪ್ರಾಣ ಬಿಡೋರು, ಎರಡು ದಿನ ಆ ಪತ್ರದ ಮಾತೇ ಎತ್ತಲಿಲ್ಲ. ಮೂರನೇ ದಿನ 'ಅದರಲ್ಲಿ ಏನೋ ಲೆಕ್ಕಾಚಾರ ಇರುತ್ತೆ' ಅಂದರು. ಬೇರೆ ಯಾರಾದರೂ ಅದೇ ಪತ್ರ ಬರೆದಿದ್ದರೆ ಅವತ್ತೇ ಗೋವಾ ಮಾರಿದ ಅಂತಿದ್ದರು.

ಭಾವ್ ಬಗ್ಗೆ ಇನ್ನೊಂದು ಹೇಳಬೇಕು, ಅವರು ಇದನ್ನ ಓದಲ್ಲ ಅನ್ನೋ ಧೈರ್ಯದಲ್ಲಿ. ಅವರದು ಎರಡು ಟಿಪ್ಪರ್ ಇದ್ದವು. ಉಸಗಾಂವ್ ಕಡೆ ಮೈನಿಂಗ್ ಅದಿರು ಸಾಗಿಸೋಕೆ ಬಿಟ್ಟಿದ್ದರು. 2012ರ ಸೆಪ್ಟೆಂಬರಿನಲ್ಲಿ ಗಣಿ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಮತ್ತೆ ಶುರುವಾಯಿತು, 2018ರಲ್ಲಿ ಸುಪ್ರೀಂ ಕೋರ್ಟು 88 ಲೀಸ್ ರದ್ದು ಮಾಡಿತು. ಭಾವ್ ಅವತ್ತು ಅಂಗಡಿಗೆ ಬಂದು ಪರಿಸರದವರಿಗೆ ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಗುಡ್ಡ ಅಗೆದರೆ ಹೊಳೆಗೆ ಕೆಂಪು ಮಣ್ಣು ಹೋಗುತ್ತೆ ಅನ್ನೋದು ಅವರಿಗೆ ಆಗ 'ಹೊಟ್ಟೆ ತುಂಬಿದವರ ಮಾತು'. ಐದು ವರ್ಷ ಆದ ಮೇಲೆ ಅದೇ ಹೊಳೆಯ ಸ್ಟಿಕರ್ ಗಾಡಿ ಮೇಲೆ. ಇದನ್ನ ನಾನು ಬಹಳ ದಿನ ಖುಷಿಯಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಜಗಳಕ್ಕೆ ಬೇಕಾಗುತ್ತೆ ಅಂತ. ಒಂದು ದಿನ ಹೇಳಿಯೂಬಿಟ್ಟೆ. ಅವರು ತಣ್ಣಗೆ, 'ನಿಮ್ಮ ಕಡೆ ಕುಡಿಯೋ ನೀರು ಅಂತಾರೆ, ಹೊಲದಲ್ಲಿ ನೋಡಿದರೆ ಕಬ್ಬು ಇರುತ್ತೆ' ಅಂದರು. ಸವದತ್ತಿ, ಬೈಲಹೊಂಗಲ ಕಡೆ ಮಲಪ್ರಭೆಯ ನೀರಲ್ಲಿ ಕಬ್ಬು ಬೆಳೆದಿರೋದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತೆ. ನಮ್ಮ ಹೊಲದಲ್ಲಿ ಇಲ್ಲ, ಗೋವಿನಜೋಳ ಅಷ್ಟೆ ಅಂದೆ. ಅದೂ ಖರೇನೇ. ಆದರೆ ಅದು ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಚಹಾ ತರಿಸಿದೆ.

ಬಲ್ಬಿನ ಅಧ್ಯಯನದ ಬಗ್ಗೆ ಬರೆಯದಿದ್ದರೆ ನನ್ನ ಅಂಗಡಿಗೆ ಅವಮಾನ. ಡೀನಾ ಗ್ರೊಮೆಟ್ ಅನ್ನೋರು ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಜನರ ಕೈಗೆ ಎರಡು ಡಾಲರ್ ಕೊಟ್ಟು ಬಲ್ಬು ತಗೊಳ್ಳಿ ಅಂದರು. ಒಂದು ಹಳೇ ತಂತಿ ಬಲ್ಬು, ಅರ್ಧ ಡಾಲರ್. ಇನ್ನೊಂದು ಸಿಎಫ್ಎಲ್, ಒಂದೂವರೆ ಡಾಲರ್. ಕರೆಂಟು ಉಳಿಯೋ ಲೆಕ್ಕ ಎಲ್ಲರಿಗೂ ಹೇಳಿದರು. ಕೆಲವು ಸಿಎಫ್ಎಲ್ ಡಬ್ಬಿ ಮೇಲೆ 'ಪರಿಸರ ಕಾಪಾಡಿ' ಅಂತ ಚೀಟಿ, ಕೆಲವಕ್ಕೆ ಖಾಲಿ ಚೀಟಿ. ಚೀಟಿ ಖಾಲಿ ಇದ್ದಾಗ ಎಡಕ್ಕೆ ವಾಲಿದವರೂ ಬಲಕ್ಕೆ ವಾಲಿದವರೂ ಹೆಚ್ಚೂಕಡಿಮೆ ಒಂದೇ ಥರ ಕೊಂಡರು. 'ಪರಿಸರ ಕಾಪಾಡಿ' ಅಂತ ಬರೆದಾಗ ಬಲಕ್ಕೆ ವಾಲಿದವರು ಹಿಂದೆ ಸರಿದರು. ಎರಡಕ್ಕೂ ಬೆಲೆ ಒಂದೇ ಇಟ್ಟಾಗ ಮಾತ್ರ ಯಾರಿಗೂ ಚೀಟಿಯ ಗೊಡವೆ ಇರಲಿಲ್ಲ, ಹೆಚ್ಚು ಕಡಿಮೆ ಎಲ್ಲರೂ ಸಿಎಫ್ಎಲ್ಲೇ ತಗೊಂಡರು.

ಇಪ್ಪತ್ತು ವರ್ಷ ಬಲ್ಬು ಮಾರಿದವನಾಗಿ ನಾನು ಹೇಳೋದು: ನಮ್ಮಲ್ಲಿ ಡಬ್ಬಿ ಮೇಲಿನ ಹಸಿರು ಎಲೆ ಯಾರೂ ನೋಡಲ್ಲ. ಎಷ್ಟು, ಗ್ಯಾರಂಟಿ ಎಷ್ಟು ದಿನ, ಸುಟ್ಟರೆ ವಾಪಸ್ ತಗೋತೀಯಾ, ಅಷ್ಟೆ. ಆದರೆ ನಮ್ಮವರೂ ಒಂದು ಚೀಟಿ ಓದ್ತಾರೆ. ಅದು ಯಾರ ಸ್ಕೀಮು ಅನ್ನೋ ಚೀಟಿ. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಬಂತು, ತಿಂಗಳಿಗೆ 200 ಯೂನಿಟ್ ವರೆಗೆ ಬಿಲ್ ಇಲ್ಲ. 2024ರಲ್ಲಿ ಕೇಂದ್ರದ ಸೂರ್ಯ ಘರ್ ಬಂತು, ಮನೆ ಮಾಡಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಅಣ್ಣನ ಮನೆಗೆ ಸೋಲಾರ್ ಹಾಕಿಸಿ ಕೊಡ್ತೀನಿ, ವೈರಿಂಗ್ ನಾನೇ ಮಾಡ್ತೀನಿ ಅಂದೆ. 'ಬ್ಯಾಡೋ, ಅದು ಅವರ ಸ್ಕೀಮು' ಅಂದ. ಬಿಲ್ಲೇ ಬರದಿದ್ದ ಮೇಲೆ ಸೋಲಾರ್ ಯಾಕೆ ಅಂದಿದ್ದರೆ ನಾನು ಒಪ್ಪುತ್ತಿದ್ದೆ, ಅದು ಲೆಕ್ಕ. ಅವನು ಹಾಗೆ ಅನ್ನಲಿಲ್ಲ. ಎದುರು ಮನೆಯವರು ಇನ್ನೊಂದು ಕಡೆ. ಅವರು ಸೋಲಾರಿಗೆ ಓಡಾಡಿದರು, ಗೃಹಜ್ಯೋತಿಗೆ ಮಾತ್ರ 'ನಮಗ ಆ ಭಿಕ್ಷಾ ಬ್ಯಾಡ' ಅಂತ ಅರ್ಜಿ ಹಾಕಿರಲಿಲ್ಲ. ಮೂರನೇ ತಿಂಗಳು ಅವರ ಹೆಂಡತಿ ಹೋಗಿ ಸುಮ್ನೆ ಹಾಕಿ ಬಂದರು.

ವಾಸ್ಕೋದ್ದು ಸ್ವಲ್ಪ ಬೇರೆ. ಅಕ್ಕನ ಮನೆ ಬಂದರಿಗೆ ಹತ್ತಿರ. ಮುರಗಾಂವ್ ಬಂದರಿಗೆ ಹಡಗಿನಲ್ಲಿ ಕಲ್ಲಿದ್ದಲು ಬರುತ್ತೆ, ಅಲ್ಲಿಂದ ರೈಲಿನಲ್ಲಿ ನಮ್ಮ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುತ್ತೆ. ಅಕ್ಕ ಬೆಳಗ್ಗೆ ಕಟ್ಟೆ ಒರೆಸಿದರೆ ಬಟ್ಟೆ ಕಪ್ಪು, ಸಂಜೆ ಒರೆಸಿದರೂ ಕಪ್ಪು. ಒಣಗಿಸಿದ ಬಿಳಿ ಅಂಗಿಯನ್ನ ಜಾಡಿಸಿಯೇ ಮಡಚೋದು. 2020ರ ನವೆಂಬರ್ ಒಂದರ ರಾತ್ರಿ ಚಾಂದರ್‌ನಲ್ಲಿ ಜನ ರೈಲು ಹಳಿ ಹತ್ತಿರ ಕೂತು, ಹಳಿ ಜೋಡಿ ಮಾಡೋದು ಬೇಡ, ಕಲ್ಲಿದ್ದಲು ಬೇಡ ಅಂತ ಬೆಳಗಿನ ಜಾವದವರೆಗೆ ಹಾಡಿ ಕೂಗಿದರು. ನಮ್ಮವರು ಯಾರಾದರೂ ಹೋಗಿದ್ದರಾ ಅಂತ ಅಕ್ಕನ್ನ ಕೇಳಿದೆ. 'ಯಾಕ ಹೋಗಬೇಕು? ಇವತ್ತು ಕಲ್ಲಿದ್ದಲು ಹೋಗು ಅಂತಾರ, ನಾಳೆ ನಮಗೂ ಅಂತಾರ' ಅಂದಳು. ಕೆಮ್ಮಿಕೊಂಡೇ ಹೇಳಿದಳು. ಅವಳ ಓಣಿಯ ಅರ್ಧ ಗಂಡಸರು ಬಂದರಿನ ಕೆಲಸದವರು, ಆ ಲೆಕ್ಕವೂ ಇದೆ. ಆದರೆ ಆ ಹೋರಾಟದವರು ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿಸಿ ಈ ಓಣಿಗೆ ಬಂದಿದ್ದನ್ನ ಅಕ್ಕ ನೋಡಿಲ್ಲ. ಅತಿ ಹೆಚ್ಚು ಧೂಳು ಕುಡಿಯೋರಿಗೆ ಧೂಳಿನ ಮಾತು ಹೇಳೋಕೆ ಯಾರೂ ಬರಲಿಲ್ಲ. ಬಂದಿದ್ದರೆ ಅಕ್ಕ ಬಾಗಿಲು ತೆಗೀತಿದ್ದಳಾ? ಗೊತ್ತಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಅಣ್ಣನ ಮಗನ ಮದುವೆಗೆ ಊರಿಗೆ ಹೊರಟೆವು. ಬಾಡಿಗೆ ಕಾರು, ಚೋರ್ಲಾ ಘಾಟ್. ತಿರುವುಗಳಿಗೆ ಹೆಂಡತಿಗೆ ಹೊಟ್ಟೆ ತೊಳೆಸುತ್ತೆ, ಘಾಟ್ ಹತ್ತಿದ ಮೇಲೆ ಕಣಕುಂಬಿಯಲ್ಲಿ ಗಾಡಿ ನಿಲ್ಲಿಸಿದೆ. ಇಪ್ಪತ್ತೈದು ವರ್ಷದಲ್ಲಿ ಆ ಊರು ಎಷ್ಟು ಸಲ ದಾಟಿದ್ದೀನಿ, ಇಳಿದು ನೋಡಿರಲಿಲ್ಲ. ಮಲಪ್ರಭೆ ಹುಟ್ಟೋದು ಅಲ್ಲೇ, ಮಾವುಲಿ ದೇವಸ್ಥಾನದ ಹತ್ತಿರ. ಕಳಸಾ ಹಳ್ಳ ಇರೋದೂ ಅಲ್ಲೇ ಹತ್ತಿರ. ಒಂದೇ ಗುಡ್ಡದ ಮಳೆ. ಒಂದು ಮೂಡಲಕ್ಕೆ ಹೊರಟು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತೆ, ಇನ್ನೊಂದು ಪಡುವಲಕ್ಕೆ ಇಳಿದು ಗೋವಾಕ್ಕೆ. ರಸ್ತೆ ಪಕ್ಕ ಅಗೆದ ಕಾಲುವೆ ಕಾಣುತ್ತೆ. ಕೆಲಸ ಶುರುವಾಗಿದ್ದು 2006ರಲ್ಲಿ. ಅಗೆದ ಕೆಂಪು ಮಣ್ಣಿನ ಗುಡ್ಡೆ ಮೇಲೆ ಈಗ ಹುಲ್ಲು, ಪೊದೆ.

ಚಹಾ ಕೊಟ್ಟವನು ಸುಮಾರು ಅರವತ್ತರ ಮನುಷ್ಯ. ನಾನು ಕಾಲುವೆ ನೋಡ್ತಾ ನಿಂತಿದ್ದು ನೋಡಿ 'ಯಾವೂರ್ರಿ?' ಅಂದ. ನರಗುಂದ ಅಂದೆ. ಗೋವಾ ಅನ್ನಲಿಲ್ಲ, ಗಮನಿಸಿ. 'ಹಂಗಾರ ನಿಮಗ ಸಿಟ್ಟು ಬರಬಹುದು, ಆದ್ರೂ ಹೇಳ್ತೇನಿ' ಅಂತ ಶುರು ಮಾಡಿದ. 'ಇದು ಮಲಪ್ರಭೆಯ ತವರಮನಿ. ಈ ಅಡವಿ ಇದ್ರ ಮಳಿ, ಮಳಿ ಇದ್ರ ಮಲಪ್ರಭಾ. ತವರಮನಿ ಮಾಡು ಕಿತ್ತು ಮಗಳ ಮನಿಗೆ ತೊಲಿ ಒಯ್ತೇವಿ ಅಂದ್ರ, ಮಳಿಗಾಲದಾಗ ಮಗಳು ತವರಿಗೆ ಬಂದ್ರ ಎಲ್ಲಿ ಕುಂಡರಬೇಕ್ರಿ?'

ಹೆಂಡತಿ ಚಹಾ ಲೋಟ ಕೆಳಗಿಟ್ಟಳು. ನನಗೂ ಒಂದು ಕ್ಷಣ ಮಾತು ಹೊರಡಲಿಲ್ಲ. 188 ನೆನಪಾಗಲಿಲ್ಲ, 3.9 ನೆನಪಾಗಲಿಲ್ಲ. ಕಾಡು ಹೋದರೆ ಹೊಳೆಗೆ ಕುತ್ತು ಅನ್ನೋದನ್ನ ಭಾವ್ ನನಗೆ ಎಷ್ಟೋ ಸಲ ಹೇಳಿದ್ದರು. ಮಗಳು ಹೇಳಿದ್ದಳು. ಇಂಗ್ಲಿಷ್ ಪೇಪರಿನಲ್ಲಿ ಓದಿದ್ದೆ. ಅವೆಲ್ಲ ನನಗೆ 'ಗೋವಾದವರ ಮಾತು' ಆಗಿದ್ದವು. ಈತ ಮಹದಾಯಿ ಹೆಸರೇ ಎತ್ತಲಿಲ್ಲ. ನಮ್ಮ ಹೊಳೆಯ ಹೆಸರು ಹಿಡಿದು, ನಮ್ಮ ಮಾತಲ್ಲಿ, ನಮ್ಮ ನಷ್ಟ ಹೇಳಿದ. ಅದಕ್ಕೇ ಕೇಳಿಸಿತು. ಕೇಳಿಸಿದ್ದಕ್ಕೆ ಖುಷಿ ಪಡಬೇಕೋ, ಇಷ್ಟು ವರ್ಷ ಕೇಳಿಸದೇ ಇದ್ದದ್ದಕ್ಕೆ ನಾಚಬೇಕೋ ಗೊತ್ತಾಗಲಿಲ್ಲ. ಹಾಗಂತ ನಾನು ಪೂರ್ತಿ ಮನಸ್ಸು ಬದಲಿಸಿದೆ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ನಮ್ಮೂರ ಕೆರೆ ತಳ ಕಂಡಾಗ ವೈನಿ ಕೊಡ ಹಿಡಿದು ನಿಲ್ಲೋದನ್ನೂ ನಾನು ನೋಡಿದ್ದೀನಿ. ಆ ಮಾಡೂ ಬೇಕು, ಈ ಕೊಡವೂ ತುಂಬಬೇಕು. ಹೇಗೆ ಅಂತ ನನ್ನನ್ನ ಕೇಳಿದರೆ ಕಬ್ಬಿನ ಲೆಕ್ಕದಿಂದ ಶುರು ಮಾಡಿ ಅಂತೀನಿ. ಅದನ್ನ ನರಗುಂದದಲ್ಲಿ ನಿಂತು ಹೇಳೋ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಮದುವೆ ಮುಗಿದ ರಾತ್ರಿ ಅಂಗಳದಲ್ಲಿ ಮಂಚದ ಮೇಲೆ ಕೂತು ಅಣ್ಣನಿಗೆ ಚಹಾದವನ ಮಾತು ಹೇಳಿದೆ. ತವರುಮನೆ, ಮಾಡು, ತೊಲೆ, ಎಲ್ಲ. ಅಣ್ಣ ಎಲೆ ಅಡಿಕೆ ಹಾಕಿಕೊಳ್ತಾ ಪೂರ್ತಿ ಕೇಳಿದ. ಆಮೇಲೆ ಕೇಳಿದ ಮೊದಲ ಪ್ರಶ್ನೆ: 'ಅಂವ ಮರಾಠಿಯಾಂವ ಏನು?'

ಖಾನಾಪುರ ತಾಲೂಕು ನೋಡಿ, ಗಡಿ ರಾಜಕೀಯ ಇದ್ದದ್ದೇ. 'ನನ್ನ ಜೋಡಿ ಕನ್ನಡದಾಗ ಮಾತಾಡಿದ' ಅಂದೆ. 'ಮನ್ಯಾಗ ಏನ ಮಾತಾಡತಾನ?' ಅಂದ. ನನಗೇನು ಗೊತ್ತು! ಅವನು ಒಳಗೆ ಹೆಂಡತಿಯನ್ನ ಕರೆದಾಗ ಮರಾಠಿಯಲ್ಲಿ ಕರೆದ ಹಾಗಿತ್ತು. ಅದನ್ನ ನಾನು ಅಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ ಅಷ್ಟು ಚೆಂದದ ಮಾತು ಅಲ್ಲಿಗೇ ಸಾಯುತ್ತಿತ್ತು. ನಾನು ಮುಚ್ಚಿಟ್ಟಿದ್ದಕ್ಕೆ ಅದು ಆ ರಾತ್ರಿ ಇನ್ನೂ ಸ್ವಲ್ಪ ಹೊತ್ತು ಬದುಕಿತ್ತು. 'ತವರಮನಿ' ಅಂತ ಅಣ್ಣ ಒಂದು ಸಲ ತಾನೇ ಅಂದ, ಉಗುಳಿ ಬಂದು ಮಲಗಿದ.

ದೀಪಾವಳಿ ಮುಗಿದ ಮೇಲೆ ಅಣ್ಣ ಫೋಂಡಾಕ್ಕೆ ಬಂದಿದ್ದ, ಮೊಣಕಾಲು ತೋರಿಸೋಕೆ. ನಾಲ್ಕು ದಿನ ಇದ್ದ. ಮೊದಲ ದಿನ ನೀರು ಕುಡಿದು 'ಚಲೋ ಅದಾವಲ್ಲೋ ನೀರು' ಅಂದ. ಯಾವ ನೀರು ಅಂತ ನಾನು ಹೇಳಲಿಲ್ಲ. ಮಗಳು ಅಡುಗೆಮನೆಯಿಂದ ನನ್ನ ಮುಖ ನೋಡಿದಳು. ಮರುದಿನ ಬೆಳಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಕೆ ಗಾಡಿ ಹೊರಗೆ ತೆಗೆದೆ. ಅಣ್ಣ ಮುಂದೆ ನಿಂತು ಸ್ಟಿಕರ್ ನೋಡಿದ. ಉಳಿದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ.

'ಯಾರ ಹಚ್ಚಿದ್ದು?'

'ನಿನ್ನ ಮಗಳು.'

'ಕಿತ್ತಿದ್ದು?'

'ಬಿಸಲಿಗೆ ಸುಲದೈತಿ.'

ಅಣ್ಣ ಬಗ್ಗಿ ಗೀರು ನೋಡಿದ. ಉಗುರು ಹಾಕಿ ಅದರ ಉದ್ದಕ್ಕೂ ಎಳೆದ. ಆಮೇಲೆ ಹಿಂದಿನ ಸೀಟಿನ ಮೇಲೆ ಕೂತು, ಮೊಣಕಾಲು ಸರಿ ಮಾಡಿಕೊಂಡು ಅಂದ: 'ಗೋವಾದ ಬಿಸಲಿಗೆ ಟೆಸ್ಟರ್ ಹಿಡಿಯಾಕ ಬರತೈತೇನೋ ತಮ್ಮಾ?'